ಕಿವಿಗೂ ಒಂದು ಹೊಟ್ಟೆ

ಇಂಗ್ಲಿಷ್ ಮಾತಾಡುವವರ ಕಿವಿ ಬಲು ಸುಖಜೀವಿ. ಸಂಬಳ ಹೆಚ್ಚಾಯಿತು ಅಂದರೂ, ಕಾಟ ಕೊಡುವ ಸಾಹೇಬರಿಗೆ ವರ್ಗವಾಯಿತು ಅಂದರೂ ‘ಮ್ಯೂಸಿಕ್ ಟು ಮೈ ಇಯರ್ಸ್’ ಎಂದು ತಲೆದೂಗುತ್ತಾರೆ. ಸುದ್ದಿ ಕಿವಿಗೆ ಇಳಿದರೆ ಅವರ ಕೆಲಸ ಮುಗಿಯಿತು. ಕಲಬುರಗಿ ಸೀಮೆಯ ನಮ್ಮೂರು ಚಿಮ್ಮನಚೋಡದಲ್ಲಿ ಸುದ್ದಿ ತಂದವನಿಗೂ ಒಂದು ಪಾಲುಂಟು: ‘ನಿನ್ನ ಬಾಯಾಗ ಸಕ್ರಿ ಬೀಳ್ಲಿ!’ ಹಾಗಂದು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ.

ಈ ಸೀಮೆಯಲ್ಲಿ ಊರಿಗೊಂದು ಸಂಗೀತ. ವಾಡಿ ಜಂಕ್ಷನ್ನಿನಲ್ಲಿ ಅರ್ಧ ರಾತ್ರಿ ಚೀಲದ ಮೇಲೆ ತಲೆಯಿಟ್ಟವನಿಗೆ ತನ್ನ ಗಾಡಿ ನಂಬರು ಕೂಗಿದರೆ ಸಾಕು. ಶಹಾಬಾದಿನ ಖಣಿಯವನಿಗೆ ಫರ್ಸಿಕಲ್ಲು ಒಡೆಯದೆ ಪದರಾಗಿ ಎದ್ದ ಸದ್ದು. ನಮ್ಮೂರಿನದು ಸ್ವಲ್ಪ ತೊಡಕಿನ ಕಿವಿ. ‘ನಾಗರಾಳ ಡ್ಯಾಂ ತುಂಬ್ಯಾದ’ ಅಂದರೆ ಊರೆಲ್ಲ ಹಿಗ್ಗುತ್ತದೆ; ‘ಗೇಟ್ ತೆಗದಾರ’ ಅಂದ ಕೂಡಲೇ ಮುಲ್ಲಾಮಾರಿ ದಂಡೆಯವರು ಹಾಸಿಗೆ, ಪಾತ್ರೆ ಎತ್ತಿಡಲು ಓಡುತ್ತಾರೆ. ಎರಡೂ ಒಂದೇ ನೀರಿನ ಸುದ್ದಿ.

ಎಲ್ಲಕ್ಕೂ ಮೇಲಿನದು ತೊಗರಿ ರೇಟು. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತೆಂದು ಪೇಪರಿನವರು ದೊಡ್ಡದಾಗಿ ಹಾಕಿದರು. ಕಟ್ಟೆಯ ಮೇಲಿನವರು ಅದನ್ನು ಓದಿ, ಮಡಚಿ, ‘ರೇಟ್ ಎಷ್ಟ್ ಬರ್ದಾರ್ರಿ?’ ಅಂದರು.

ನಮ್ಮ ಮುತ್ಯಾನ ಕಿವಿ ಮಂದ. ಪಕ್ಕದಲ್ಲಿ ಟ್ರ್ಯಾಕ್ಟರ್ ನಿಂತರೂ ತಿರುಗಿ ನೋಡುವುದಿಲ್ಲ. ಅಡತಿ ಅಂಗಡಿಯಿಂದ ಫೋನು ಬಂದರೆ ಮಾತ್ರ ಒಳಮನೆಯಿಂದಲೇ ಕೇಳುತ್ತಾನೆ: ‘ಎಷ್ಟಂತ?’ 2022ರ ಮುಂಗಾರಿನಲ್ಲಿ ಬಿತ್ತಿದ ತೊಗರಿಗೆ ನೆಟೆ ರೋಗ ಬಂತು. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದವು. ಮರುವರ್ಷ ಕ್ವಿಂಟಲಿಗೆ 10,000 ರೂಪಾಯಿ ದಾಟಿದ ಸುದ್ದಿ ಬಂದಾಗ ನಮ್ಮ ಮನೆಯಲ್ಲಿದ್ದದ್ದು ಬೀಜಕ್ಕೆಂದು ತೆಗೆದಿಟ್ಟದ್ದಷ್ಟೇ. ಆದರೂ ಮುತ್ಯಾ, ‘ಇನ್ನೊಮ್ಮಿ ಹೇಳು’ ಅಂದ. ಮೂರನೆಯ ಸಲ ಹೇಳಿಸಿಕೊಳ್ಳುವಾಗ ಕಣ್ಣನ್ನೂ ಮುಚ್ಚಿದ್ದ.

ಅಡುಗೆಮನೆಯಿಂದ ಅವ್ವ ಹೊರಗೆ ಬಂದಳು. ‘ನಿಮಗ ಹಾಡಾಗ್ಯಾದ. ಸಂತಿಯಾಗ ಬ್ಯಾಳಿ ಎಷ್ಟಾಗ್ಯಾದ ಗೊತ್ತದನು?’ ತೊಗರಿ ಬೆಳೆಯುವ ಮನೆಯವರೇ ಬೇಳೆ ಕೊಂಡು ತಿನ್ನುವ ವರ್ಷ ಅದು. ಹೋಳಿಗೆ ಮುಂದಿನ ಹಬ್ಬಕ್ಕೆ ಹೋಯಿತು. ಸಾರಿನಲ್ಲಿ ಬೇಳೆ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಅಷ್ಟು ವಿವೇಕ ನನಗಿದೆ.

ಆ 10,000ದ ರಾಗ ಕಿವಿಯಲ್ಲಿ ಕೂತಮೇಲೆ ಕೇಳಬೇಕೆ? ಹೆಸರು, ಉದ್ದು ಹಾಕುವ ಹೊಲದಲ್ಲೂ ನಾವು ತೊಗರಿಯನ್ನೇ ಬಿತ್ತಿದೆವು. ಇದೇ ಸುದ್ದಿ ಉಳಿದವರೂ ಕೇಳಿದ್ದರಲ್ಲ! 2025ರ ಆರಂಭಕ್ಕೆ ರೇಟು 7,550ರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಆ ಬೆಂಬಲ ಬೆಲೆಯ ಮೇಲೆ ರಾಜ್ಯ ಸರ್ಕಾರ 450 ರೂಪಾಯಿ ಪ್ರೋತ್ಸಾಹಧನ ಸಾರಿತು. ಬೆಂಗಳೂರಿನಿಂದ ಅಳಿಯ ಫೋನು ಮಾಡಿ, ಇಂಗ್ಲಿಷಿನಲ್ಲೇ ಸಂಗೀತದ ಮಾತಾಡಿ, ‘ಮುತ್ಯಾ, ಪೂರಾ 8,000 ಆಯ್ತು!’ ಎಂದು ಕಿರುಚಿದ.

ಮುತ್ಯಾ ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿದ. ‘ಚೀಲ, ಹಮಾಲಿ, ಗಾಡಿ ಬಾಡಿಗಿ ಎಲ್ಲಾ ತೆಗದು ಹೇಳಪ್ಪಾ’ ಅಂದ.