ಸುಳಿ ಶುದ್ಧ

ನನ್ನ ಸಹಿ ನೋಡಿದವರು ನನ್ನನ್ನು ಬರೀ ಪ್ರೈಮರಿ ಸ್ಕೂಲ್ ಮೇಷ್ಟ್ರು ಅಂದುಕೊಳ್ಳುವುದಿಲ್ಲ. ಕಡಿಮೆ ಅಂದರೂ ತಹಸೀಲ್ದಾರ್ ಅಂದುಕೊಳ್ಳುತ್ತಾರೆ. ಹಾಗಂತ ನಾನು ಅಂದುಕೊಂಡಿದ್ದೇನೆ. 1987ರಲ್ಲಿ ಕೆಲಸಕ್ಕೆ ಸೇರುವ ಹಿಂದಿನ ರಾತ್ರಿ, ನಲವತ್ತು ಪುಟದ ನೋಟ್ ಪುಸ್ತಕವೊಂದನ್ನು ಪೂರ್ತಿ ಗೀಚಿ ರೂಢಿಸಿಕೊಂಡ ಸಹಿ ಅದು. ಇಂಗ್ಲಿಷಿನ ಎಸ್ ಅಕ್ಷರ ಹೆಡೆ ಎತ್ತಿದ ನಾಗರಹಾವಿನ ಹಾಗೆ ಏಳುತ್ತದೆ. ಮಿಕ್ಕ ಅಕ್ಷರಗಳೆಲ್ಲ ಅದು ನುಂಗಿದ ಇಲಿಗಳ ಹಾಗೆ ಹೊಟ್ಟೆಯೊಳಗೆ ಮಾಯ. ಕೊನೆಗೆ ಬಾಲ ಹಿಂದಕ್ಕೆ ಬಂದು, ಕೆಳಗೊಂದು ಸುಳಿ ಸುತ್ತಿ, ಎರಡು ಚುಕ್ಕಿ ಇಟ್ಟು ಮಲಗುತ್ತದೆ. ಊರು ಘಾಟಿ ಸುಬ್ರಹ್ಮಣ್ಯ, ಹೆಸರೂ ಸುಬ್ರಹ್ಮಣ್ಯ. ಹಾವಿನ ಹಾಗೆ ಸಹಿ ಹಾಕದೆ ಹಲ್ಲಿಯ ಹಾಗೆ ಹಾಕಲೇ?

ಹೆಸರಿನ ಮೂಲವನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಮಕ್ಕಳಾಗಲಿಲ್ಲ ಅಂತ ನಮ್ಮಮ್ಮ ಇಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಪಡೆದ ಮಗ ನಾನು. ಹಾಗೆ ಪಡೆದವರು ನಮ್ಮಮ್ಮ ಒಬ್ಬರೇ ಅಲ್ಲ. ದೇವಸ್ಥಾನದ ಮುಂದೆ ನಿಂತು "ಸುಬ್ಬಣ್ಣಾ" ಅಂತ ಒಂದು ಕೂಗು ಹಾಕಿ ನೋಡಿ, ಹಣ್ಣುಕಾಯಿ ಅಂಗಡಿಯವನು, ಚಪ್ಪಲಿ ಕಾಯುವವನು, ಆಟೋದವನು, ಮಂಡೆ ಬೋಳಿಸಿಕೊಂಡು ಕೂತವನು ಎಲ್ಲರೂ ಒಟ್ಟಿಗೆ "ಆ?" ಅನ್ನುತ್ತಾರೆ. ಇವರೆಲ್ಲರ ಹೆಸರೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಥರ. ನನ್ನೊಬ್ಬನದೇ ಮೂರು ಥರ ಇದೆ ಅನ್ನುವುದು ಆಮೇಲೆ ಗೊತ್ತಾಯಿತು.

ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೆ ಮುಂಚೆ ನಮ್ಮೂರಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಹೋರಿಗಳಿಗೆ ಪೆಂಡಾಲು, ಸೀರಿಯಲ್ ಸೆಟ್ಟು, ಮೆರವಣಿಗೆಗೆ ವಾಲಗ. ನನ್ನ ಮದುವೆಯಲ್ಲಿ ಇಷ್ಟು ಇರಲಿಲ್ಲ. ರಿಟೈರ್ ಆದಮೇಲೆ ನನಗೂ ಒಂದು ಜೊತೆ ಕಟ್ಟಬೇಕು, ಜನ "ಅಗೋ, ಮೇಷ್ಟ್ರ ಹೋರಿ" ಅನ್ನಬೇಕು ಅನ್ನುವ ಆಸೆ ಹತ್ತಿತು.

"ನಮಗಿರೋದು ಮುಕ್ಕಾಲು ಎಕರೆ ಕಣ್ರೀ," ಅಂದಳು ನನ್ನ ಹೆಂಡತಿ. "ಜೊತೆ ಹೋರಿ ಉದ್ದಕ್ಕೆ ನಿಂತ್ರೆ ಹೊಲ ಮುಗ್ದೋಗುತ್ತೆ."

ಅವಳಿಗೆ ದನದ ವಿದ್ಯೆ ತವರಿನಿಂದ ಬಂದದ್ದು. ಎರಡು ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾಳೆ. ಅದಕ್ಕೇ ಅವಳನ್ನು ಬಿಟ್ಟು ಒಬ್ಬನೇ ಜಾತ್ರೆಗೆ ಹೋದೆ.

ದಲ್ಲಾಳಿ ಕರುಗಳ ಬಾಯಿ ಅಗಲಿಸಿ "ಇನ್ನೂ ಹಲ್ಲಾಕಿಲ್ಲ ಸಾ" ಅಂದ. ಬೆನ್ನು ಸವರಿ "ಸುಳಿ ಶುದ್ಧ, ಮನೇಗೆ ಲಕ್ಷ್ಮಿ" ಅಂದ. ಯಾವ ಸುಳಿ ಎಲ್ಲಿದ್ದರೆ ಶುದ್ಧ ಅಂತ ನನಗೇನು ಗೊತ್ತು? ಗೊತ್ತಿರುವವನ ಹಾಗೆ ಕಣ್ಣು ಕಿರಿದು ಮಾಡಿ "ಹೂಂ" ಅಂದೆ. ಆಮೇಲೆ ಅವನು ಟವೆಲ್ ಹೊದಿಸಿ ಅದರ ಕೆಳಗೆ ನನ್ನ ಕೈ ಹಿಡಿದ. ನಮ್ಮ ಕಡೆ ದನದ ರೇಟು ಬಾಯಲ್ಲಿ ಹೇಳುವುದಿಲ್ಲ, ಬೆರಳು ಹಿಡಿದು ಹೇಳುತ್ತಾರೆ. ಅವನು ಏನೋ ಹಿಡಿದ. ನಾನು ಚಳಿಗೋ ಭಯಕ್ಕೋ ಅವನ ಇನ್ನೂ ಎರಡು ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದುಕೊಂಡೆ. ಅವನ ಮುಖ ಅರಳಿತು. ಕೇಳಿದ್ದಕ್ಕಿಂತ ಜಾಸ್ತಿ ಕೊಡುತ್ತೇನೆ ಅಂದ ಗಿರಾಕಿಯನ್ನು ಆ ಜಾತ್ರೆ ಬಹಳ ವರ್ಷದಿಂದ ಕಂಡಿರಲಿಲ್ಲವಂತೆ. ಐನೂರು ರೂಪಾಯಿ ಮುಂಗಡ ಕೊಟ್ಟು, "ನಾಳೆ ಬ್ಯಾಂಕಿಂದ ತಂದುಕೊಡ್ತೀನಿ" ಅಂದೆ. ಅರಳಿದ ಮುಖ ಮುದುಡಿತು.

"ಬ್ಯಾಂಕಾ? ಇದು ಈ ಜಾತ್ರೇಗೋ, ಬರೋ ಜಾತ್ರೇಗೋ ಸಾ?"

ಎಂಥ ಅನುಭವಸ್ಥ ನೋಡಿ.

ದೊಡ್ಡಬಳ್ಳಾಪುರದ ಬಸ್ಸು ಹಿಡಿದು ಹೋದೆ. ಯಾವ ಬ್ಯಾಂಕು ಅಂತ ಹೇಳುವುದಿಲ್ಲ. ನಿಮ್ಮದೂ ಅದೇ ಇರಬಹುದು, ಇಲ್ಲದಿದ್ದರೆ ಅದರ ದಾಯಾದಿ. ದಾರಕ್ಕೆ ಕಟ್ಟಿದ ಪೆನ್ನಿತ್ತು, ರೀಫಿಲ್ ಇರಲಿಲ್ಲ. ಪಾಸ್‌ಬುಕ್ ಮೆಷಿನ್ನಿತ್ತು, ಕೆಟ್ಟಿತ್ತು. ನಗದು ಕೌಂಟರಿನವರು ನನ್ನ ಚೀಟಿ ನೋಡಿ ಮೂರನೇ ಟೇಬಲ್ ತೋರಿಸಿದರು. ಮೂರನೆಯವರು ಒಂದನೆಯದು ತೋರಿಸಿದರು. ಒಂದನೆಯದರಲ್ಲಿ ಕೂತಿದ್ದ ಅಧಿಕಾರಿಣಿಯನ್ನು ನೋಡಿ ನನ್ನ ಎದೆ ಉಬ್ಬಿತು. ನನ್ನ ಹಳೇ ವಿದ್ಯಾರ್ಥಿನಿ! ಎದ್ದು ನಿಂತು "ನಮಸ್ತೆ ಸಾರ್" ಅಂದಳು. ಸಾಲಿನಲ್ಲಿದ್ದವರ ಕಡೆ ಒಮ್ಮೆ ತಿರುಗಿ ನೋಡಿದೆ, ಎಲ್ಲರೂ ಗಮನಿಸಿದರೋ ಇಲ್ಲವೋ ಅಂತ.

"ಸಾರ್, ನಿಮ್ಮ ಅಕೌಂಟ್ ಫ್ರೀಜ್ ಆಗಿದೆ. ಕೆವೈಸಿ ಅಪ್‌ಡೇಟ್ ಆಗಿಲ್ಲ."

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಅಪಾಯಕಾರಿ ಗ್ರಾಹಕರು 2 ವರ್ಷಕ್ಕೊಮ್ಮೆ, ಮಧ್ಯಮ ಅಪಾಯದವರು 8 ವರ್ಷಕ್ಕೊಮ್ಮೆ, ಅಪಾಯ ಕಡಿಮೆ ಇರುವವರು 10 ವರ್ಷಕ್ಕೊಮ್ಮೆ ದಾಖಲೆ ಕೊಡಬೇಕಂತೆ. ನಾನು ಯಾವುದು ಅಂತ ಕೇಳಿದೆ. ಕಡಿಮೆಯಂತೆ. ಮಧ್ಯಮವೂ ಅಲ್ಲವೇ? ಮೂವತ್ತೇಳು ವರ್ಷ ಮಕ್ಕಳನ್ನು ನಡುಗಿಸಿದ ಮನುಷ್ಯ ನಾನು. ರಾತ್ರಿ ಊಟದ ಹೊತ್ತಿಗೆ ಈ ಅವಮಾನವನ್ನು ಹೇಳಿಕೊಂಡರೆ ಹೆಂಡತಿ ಮುದ್ದೆ ಮುರಿಯುತ್ತಾ, "ಅದು ನಂಗೆ ಮದ್ವೆಯಾದ ವಾರದಲ್ಲೇ ಗೊತ್ತಾಗಿತ್ತು" ಅಂದಳು.

ದಾಖಲೆ ಕೊಟ್ಟೆ. ಆಧಾರಿನಲ್ಲಿ ಸುಬ್ರಹ್ಮಣ್ಯ. ಪ್ಯಾನ್ ಕಾರ್ಡಿನಲ್ಲಿ ಒಂದು ಹೆಚ್ ಉದುರಿ ಸುಬ್ರಮಣ್ಯ. ಬ್ಯಾಂಕಿನಲ್ಲಿ, 1987ರ ಯಾವನೋ ಗುಮಾಸ್ತನ ಅವಸರದಿಂದ, ಸುಬ್ರಮಣಿ.

"ಒಂದು ಹೆಚ್ ತಾನೇ ಬಿಡಮ್ಮ."

"ಹಕಾರ ಎಲ್ಲಿ ಬರ್ಬೇಕೋ ಅಲ್ಲೇ ಬರ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ದು ಸಾರ್," ಅಂದಳು, ಬಹಳ ವಿನಯದಿಂದ. ನಾಲ್ಕನೇ ಕ್ಲಾಸಿನಲ್ಲಿ ಬ್ರಹ್ಮ ಅಂತ ಬರೆಯುವ ಕಡೆ 'ಬ್ರಮ್ಹ' ಅಂತ ಬರೆದದ್ದಕ್ಕೆ ಅವಳ ಕೈಲಿ ನೂರು ಸಲ ಬರೆಸಿದ್ದೆನಂತೆ. ನನಗೆ ನೆನಪಿರಲಿಲ್ಲ. ಅವಳಿಗೆ ನೂರೂ ನೆನಪಿತ್ತು.

ಸರಿ, ಅಫಿಡವಿಟ್. ಸುಬ್ರಹ್ಮಣ್ಯ, ಸುಬ್ರಮಣ್ಯ, ಸುಬ್ರಮಣಿ ಮೂವರೂ ಒಬ್ಬನೇ ಆಸಾಮಿ ಅಂತ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ, ನೋಟರಿಯ ಸೀಲು ಹಾಕಿಸಬೇಕು. ಮನೆಯಲ್ಲಿ ಕೂಗಾಡಿದೆ. "ನಮ್ಮ ದೇವಸ್ಥಾನದಲ್ಲಿ ಒಂದೇ ಕಲ್ಲಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಯಾರಾದ್ರೂ ಅಫಿಡವಿಟ್ ಕೇಳಿದ್ರಾ? ಹಿಂದೊಂದು ಕನ್ನಡಿ ಇಟ್ರು, ಮುಗೀತು! 2017ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಾಯ್ತು, 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಆಯ್ತು, 2020ರಲ್ಲಿ ಸಿಂಡಿಕೇಟು ಕೆನರಾ ಆಯ್ತು, ಕಾರ್ಪೊರೇಷನ್ನು ಯೂನಿಯನ್ ಆಯ್ತು. ಎಲ್ಲಾ ಏಪ್ರಿಲ್ ಒಂದನೇ ತಾರೀಕೇ! ಹೆಸರಿಗೆ ಹೆಸರೇ ಹೋದ್ರೂ ಒಬ್ರೂ ನಮ್ಮ ಹತ್ರ ಬಂದು ನಾವು ಅವರೇ ಕಣ್ರೀ ಅಂತ ಪ್ರಮಾಣ ಮಾಡ್ಲಿಲ್ಲ. ನನ್ನದೊಂದು ಹೆಚ್!"

"ಚಪಾತಿ ಇನ್ನೊಂದು ಹಾಕ್ಲಾ?" ಅಂದಳು.

ಮಾರನೇ ದಿನ ಅಫಿಡವಿಟ್ ಹಿಡಿದು ಓಡಿದೆ. ನಾಲ್ಕನೇ ಶನಿವಾರ, ಬಾಗಿಲು ಹಾಕಿತ್ತು. ಅಲ್ಲೇ ಮೆಟ್ಟಿಲ ಮೇಲೆ ಇನ್ನಿಬ್ಬರು ಕೂತಿದ್ದರು, ಅದೊಂದು ಸಮಾಧಾನ.

ಸೋಮವಾರ ಹೆಸರು ಸರಿಹೋಯಿತು. ಸಹಿಯೊಂದು ಬಾಕಿ ಅಂದಾಗ ನಾನು ನಕ್ಕೇಬಿಟ್ಟೆ. ಸಹಿ ನನ್ನ ಅಖಾಡ. ತೋಳು ಮಡಿಸಿ, ಹಾವು ಬಿಟ್ಟೆ. ಅವಳು ಕಂಪ್ಯೂಟರ್ ನೋಡಿದಳು, ಕಾಗದ ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು. ಹೋರಿ ಕೊಳ್ಳುವವರು ಬೆನ್ನು ನೋಡುವ ಹಾಗೆಯೇ.

"ಸಾರ್, ಸುಳಿ ಹೊಂದ್ತಾ ಇಲ್ಲ."

ದೇವಸ್ಥಾನದ ಕನ್ನಡಿಯ ಹಾಗೆ ಆ ಪರದೆಯನ್ನು ನನ್ನ ಕಡೆ ತಿರುಗಿಸಿದಳು. 1987ರ ಸಹಿ! ಎಂಥ ಹೆಡೆ, ಎಂಥ ಬಾಲ, ಸುಳಿ ಬಳೆಯಷ್ಟು ಗುಂಡಗೆ. ಕೆಲಸ ಮರೆತು ನೋಡುತ್ತಾ ನಿಂತೆ. ಈಗ ಕೈ ನಡುಗಿ ಸುಳಿ ಕೋಡುಬಳೆಯಾಗಿದೆ ಅನ್ನುವುದು ಪಕ್ಕದಲ್ಲಿಟ್ಟಾಗಲೇ ಕಂಡದ್ದು. ಹನ್ನೊಂದು ಸಲ ಹಾಕಿದೆ. ಒಂದರಲ್ಲಿ ಹೆಡೆ ಬಗ್ಗಿತು, ಒಂದರಲ್ಲಿ ಬಾಲ ಫಾರಂ ದಾಟಿ ಟೇಬಲ್ ಮೇಲೆ ಹೋಯಿತು. ಹಿಂದಿದ್ದ ಮಗ್ಗದ ಯಜಮಾನರೊಬ್ಬರು "ಆ ಏಳನೇದು ಪರವಾಗಿಲ್ಲ ಮೇಷ್ಟ್ರೇ" ಅಂತ ಧೈರ್ಯ ತುಂಬಿದರು. ನನ್ನ ಸಹಿಯನ್ನು ನಾನೇ ನಕಲು ಮಾಡಿ ಫೇಲಾಗಿದ್ದೆ. ಹೊಸ ಸಹಿ ದಾಖಲಿಸುವುದಕ್ಕೆ ಬೇರೆ ಫಾರಂ, ಎರಡು ಫೋಟೋ, ಮೇಲಿನವರ ಒಪ್ಪಿಗೆ, ಅವರು ರಜೆ.

ಜಾತ್ರೆಗೆ ವಾಪಸು ಬಂದರೆ ಕರುಗಳಿದ್ದ ಜಾಗದಲ್ಲಿ ಗೂಟ ಇತ್ತು. ಟವೆಲಿನ ಕೆಳಗೆ ಅರ್ಧ ನಿಮಿಷದಲ್ಲಿ ಯಾರಿಗೋ ಮಾರಾಟ. ಸಹಿಯಿಲ್ಲ, ಆಧಾರಿಲ್ಲ, ಹೆಚ್ ಇಲ್ಲ. ನನ್ನ ಐನೂರು ಕಾಯ್ದ ಕೂಲಿಗೆ ಜಮಾ ಆಗಿತ್ತು.

ಕೈಯಲ್ಲಿ ಕಾಸಿಲ್ಲ. ಕೊನೆಗೆ ಹೆಂಡತಿಯನ್ನೇ ಕರೆದುಕೊಂಡು ಅದೇ ಬ್ಯಾಂಕಿಗೆ ಹೋದೆ. ಬಸ್ಸಿನಲ್ಲಿ ಅವಳಿಗೆ ಶಕ್ತಿ ಯೋಜನೆಯ ಫ್ರೀ ಟಿಕೆಟು, ನನಗೆ ದುಡ್ಡು ಕೊಟ್ಟ ಟಿಕೆಟು, ಅದೂ ಅವಳ ದುಡ್ಡು. ಡೇರಿ ಹಣದ ಚೀಟಿಯ ಮೇಲೆ, ಕಾಪಿ ಪುಸ್ತಕದಲ್ಲಿ ಬರೆಯುವ ಹಾಗೆ, ದುಂಡಗೆ ಕನ್ನಡದಲ್ಲಿ 'ಸರೋಜಮ್ಮ' ಅಂತ ಬರೆದಳು. ಹೆಡೆಯಿಲ್ಲ, ಬಾಲವಿಲ್ಲ. ನನ್ನ ಶಿಷ್ಯೆ ಒಂದು ಸಲ ನೋಡಿ ಠಪ್ ಅಂತ ಸೀಲು ಹೊಡೆದಳು. ಟೀ ಆರುವಷ್ಟರಲ್ಲಿ ಆಚೆ ಬಂದಿದ್ದೆವು.

ಮನೆಗೆ ಬಂದು ಎರಡು ಸಾವಿರ ಸಾಲ ಕೇಳಿದೆ. ಹಾಲಿನ ಲೆಕ್ಕದ ಪುಸ್ತಕ ತಂದು ಬರೆದಳು. ಪೆನ್ನಿಗೆ ಕೈ ಚಾಚಿದೆ.

"ಬೇಡ, ನಿಮ್ ಸಹಿ ಹೊಂದಲ್ಲ," ಅಂತ ಅಡುಗೆಮನೆಯಿಂದ ಕಾಡಿಗೆ ಡಬ್ಬಿ ತಂದಳು. "ಹೆಬ್ಬೆಟ್ಟೊತ್ತಿ."

ಸಾಕ್ಷರತಾ ಆಂದೋಲನದ ಕಾಲದಲ್ಲಿ ಲಾಟೀನು ಹಿಡಿದು ಹಟ್ಟಿ ಹಟ್ಟಿ ತಿರುಗಿ, ಮುದುಕಿಯರ ಕೈ ಹಿಡಿದು ತಿದ್ದಿಸಿ, ಹೆಬ್ಬೆಟ್ಟು ಬಿಡಿಸಿದವನು ನಾನು. ಒತ್ತಿದೆ. ಅವಳು ಪುಸ್ತಕವನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಗುರುತನ್ನು ನೋಡಿದಳು.

"ಹೂಂ," ಅಂದಳು. "ಸುಳಿ ಶುದ್ಧ."