ಎಂಟು ರೂಪಾಯಿಯ ದುಂದುವೆಚ್ಚ

ಅರಸೀಕೆರೆ ಜಂಕ್ಷನ್ನಿನ ಕಾಫಿ ಹೋಟೆಲಿನಲ್ಲಿ ಕೂರುವ ತೆರಿಗೆದಾರ ರಾಯರಿಗೆ ದೇಶ ದಿವಾಳಿಯಾಗುವ ಕಾರಣ ಗೊತ್ತು: ಅಂಗನವಾಡಿ. “ಪುಕ್ಕಟೆ ಊಟ ಹಾಕ್ತಾ ಹೋದ್ರೆ ಖಜಾನೆ ಉಳಿಯುತ್ತೇನ್ರೀ ಮೇಷ್ಟ್ರೇ?” “ಕೇಂದ್ರ 2017ರಲ್ಲಿ ಗೊತ್ತು ಮಾಡಿದ ದರ, ಮಗುವಿಗೆ ದಿನಕ್ಕೆ 8 ರೂಪಾಯಿ. ನಿಮ್ಮ ಕೈಲಿರೋ ಕಾಫಿಗೆ ಅದು ಸಾಲಲ್ಲ ರಾಯರೇ.” “ಹೆತ್ತವರು ನೋಡ್ಕೋಬೇಕಪ್ಪ!” “ನೋಡ್ಕೋತಾರೆ. ಆದರೆ ಬೇಲೂರಿನ ಕಾಫಿ ತೋಟಕ್ಕೆ ಬೆಳಗ್ಗೆಯೇ ಕೂಲಿಗೆ ಹೋದ ತಾಯಿ ಮಧ್ಯಾಹ್ನದ ತುತ್ತು ಹೇಗೆ ಉಣಿಸ್ತಾಳೆ? ನಿಮ್ಮ ಲೋಟಕ್ಕೆ ಬೀಜ ಬಿಡಿಸೋಳೂ ಅವಳೇ.” “ಮಧ್ಯೆ ತಿನ್ನೋರಿದ್ದಾರಲ್ಲ?” “ಇದ್ದಾರೆ. ಸೂರು ಸೋರಿದ್ರೆ ಹೆಂಚು ಬದಲಿಸ್ತೀವಿ, ಮನೆ ಕೆಡವಲ್ಲ.”

ರಾಯರ ತರ್ಕ ಕಲ್ಲಿನ ಮುಂದೆ ಮಾತ್ರ ಕರಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡಿನ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ, ರಕ್ಷಣೆಗೆ ಸರ್ಕಾರದ ದುಡ್ಡು ಸುರಿಯಲಿ ಎಂದವರೂ ಅವರೇ. ಸುರಿಯಲಿ, ತಪ್ಪಿಲ್ಲ. ಆದರೆ 1117ರಿಂದ ನಿಂತ ಚೆನ್ನಕೇಶವ ಮುಂದಿನ ಬಜೆಟ್‌ವರೆಗೂ ಕಾದಾನು. ಮೂರು ವರ್ಷದ ಕೂಸಿನ ಹಸಿವು ಕಾಯದು. ಆ ವಯಸ್ಸಿನಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಮುಂದೆ ಯಾವ ಅನುದಾನವೂ ಪೂರ್ತಿ ತುಂಬಿಕೊಡದು. ಆದ್ದರಿಂದ ಅಂಗನವಾಡಿಯ ದರ ಮಂತ್ರಿಗಳ ಕರುಣೆಗೆ ಕಾಯದೆ, ಬೇಳೆ, ಮೊಟ್ಟೆಯ ಬೆಲೆಯ ಜೊತೆಗೇ ವರ್ಷವರ್ಷ ಏರಬೇಕು.