ಸೋತವರಿಗೆ ಮೊದಲ ಮಣೆ

ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲಿನಲ್ಲಿ (ಹೆಸರು ಫುಟ್‌ಬಾಲ್, ದುಡಿಮೆಯೆಲ್ಲ ಕೈಯದ್ದು) ಸೋಲಿಗೂ ಬಹುಮಾನವಿದೆ. 32 ತಂಡಗಳಲ್ಲಿ ಯಾರು ಎಲ್ಲರಿಗಿಂತ ಕೆಟ್ಟದಾಗಿ ಆಡಿದರೋ, ಏಪ್ರಿಲ್‌ನ ಡ್ರಾಫ್ಟಿನಲ್ಲಿ ಅವರಿಗೇ ಮೊದಲ ಮಣೆ. ಕಾಲೇಜಿನಿಂದ ಬರುವ ಹುಡುಗರಲ್ಲಿ ತಮಗೆ ಬೇಕಾದವನನ್ನು ಅವರು ಎತ್ತಿಕೊಂಡ ಮೇಲೆಯೇ ಮಿಕ್ಕವರ ಸರದಿ; ಹೀಗೇ ಸುತ್ತಿನ ಮೇಲೆ ಸುತ್ತು. ಐಪಿಎಲ್ ಹರಾಜಿನ ಹಾಗೆ ಥೈಲಿ ಬಿಚ್ಚುವ ಮಾತಿಲ್ಲ. ವರ್ಷವಿಡೀ ತಪ್ಪು ನಿರ್ಧಾರ ಮಾಡಿದವರ ಕೈಗೇ ಲೀಗಿನ ಅತಿ ದೊಡ್ಡ ನಿರ್ಧಾರವನ್ನು ಒಪ್ಪಿಸುವ ಈ ಏರ್ಪಾಟು 1936ರಿಂದ ನಡೆದುಬಂದಿದೆ. ಅಂದು ಫಿಲಡೆಲ್ಫಿಯಾ ಈಗಲ್ಸ್ ಮೊಟ್ಟಮೊದಲು ಆರಿಸಿದ್ದು ಜೇ ಬರ್ವಾಂಗರ್‌ನನ್ನು. ಸಂಬಳ ಹೊಂದಲಿಲ್ಲ, ಅವನ ಮೇಲಿನ ಹಕ್ಕನ್ನು ಶಿಕಾಗೋ ಬೇರ್ಸ್‌ಗೆ ದಾಟಿಸಿದರು. ಅಲ್ಲೂ ಕುದುರಲಿಲ್ಲ. ಬರ್ವಾಂಗರ್ ಫೋಮ್ ರಬ್ಬರ್ ಕಂಪನಿಯ ಕೆಲಸಕ್ಕೆ ಹೋದ, ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲ ಸರದಿಯ ಬೆಲೆಯನ್ನು ಸರಿಯಾಗಿ ಅಂದಾಜು ಮಾಡಿದವನು ಬಹುಶಃ ಅವನೊಬ್ಬನೇ.

ಆ ಸರದಿಯನ್ನು ಇಟ್ಟುಕೊಳ್ಳಬೇಕೋ, ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು ಕೆಳಗಿನ ನಾಲ್ಕಾರು ಸರದಿ ಗಿಟ್ಟಿಸಬೇಕೋ ಎಂಬುದು ಪ್ರತಿ ವಸಂತದಲ್ಲೂ ಏಳುವ ಜಗಳ. ಲೆಕ್ಕಕ್ಕೆ ಒಂದು ಕೋಷ್ಟಕವೂ ಇದೆ. 1991ರ ಸುಮಾರಿಗೆ ಡಲ್ಲಾಸ್ ಕೌಬಾಯ್ಸ್‌ನ ಮೈಕ್ ಮೆಕಾಯ್ ಹಾಕಿಕೊಟ್ಟದ್ದು. ತರಬೇತುದಾರ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಮೆರೆಯಿತು. ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2600, ಹೀಗೆ ಇಳಿಯುತ್ತ ಹೋಗುತ್ತದೆ. ಹಳೆಯ ವಹಿವಾಟುಗಳಲ್ಲಿ ಯಾರು ಎಷ್ಟು ಕೊಟ್ಟಿದ್ದರು ಎಂದು ನೋಡಿ ಮಾಡಿದ ದರಪಟ್ಟಿ ಇದು. ಹಾಗೆ ಕೊಂಡು ತಂದ ಆಟಗಾರ ಆಡಿದನೇ ಎಂಬ ಸಣ್ಣ ವಿಷಯ ಅದರಲ್ಲಿ ಸೇರಿಲ್ಲ. ಅದೇ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಲೀಗಿನ ಮಹಾಮಹಿಮರು ದಶಕಗಳ ಕಾಲ ವ್ಯಾಪಾರ ಮಾಡಿದರು.

ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಕೇಡ್ ಮ್ಯಾಸಿ ಜೊತೆ ಕೂತು ಆ ಸಣ್ಣ ವಿಷಯವನ್ನು ನೋಡಿದರು. ಒಂದೇ ಸ್ಥಾನಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಂಭವ 100ಕ್ಕೆ 52. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು. ಮಿಕ್ಕ ಎರಡಕ್ಕಾಗಿ ಹುಡುಗರ ಅಂಗೈಯನ್ನು ಅಳೆಯುವುದು, 40 ಗಜ ಓಡಿಸಿ ಗಡಿಯಾರ ಹಿಡಿಯುವುದು, ದೇಶ ತುಂಬ ಗೂಢಚಾರರನ್ನು ಅಟ್ಟುವುದು. ಇನ್ನೂ ಸೊಗಸಾದದ್ದು ಸಾಲದ ವ್ಯವಹಾರ. ಈ ವರ್ಷದ ಸರದಿಗಾಗಿ ಬರುವ ವರ್ಷದ್ದನ್ನು ಒತ್ತೆಯಿಡುವ ತಂಡಗಳು ತೆರುವ ಬಡ್ಡಿ ವರ್ಷಕ್ಕೆ ಶೇ 100ನ್ನೂ ದಾಟುತ್ತದೆಯಂತೆ. ನಮ್ಮೂರ ಮೀಟರ್ ಬಡ್ಡಿಯವರೂ ನಾಚಬೇಕು.

ಹಾಗಾದರೆ ಮಾರಿಬಿಡುವುದೇ ಜಾಣತನ. ಸಾಕ್ಷಿ ಬೇಕೆ? 2023ರಲ್ಲಿ ಬೇರ್ಸ್ ತಮ್ಮ ಮೊದಲ ಸರದಿಯನ್ನು ಕೆರೊಲಿನಾ ಪ್ಯಾಂಥರ್ಸ್‌ಗೆ ಕೊಟ್ಟು ಡಿಜೆ ಮೂರ್ ಎಂಬ ಆಟಗಾರನನ್ನೂ, ನಾಲ್ಕು ಸರದಿಗಳನ್ನೂ ಪಡೆದರು. ಕೆರೊಲಿನಾ ಬ್ರೈಸ್ ಯಂಗ್‌ನನ್ನು ಆರಿಸಿ ಆ ವರ್ಷ 17ರಲ್ಲಿ 15 ಪಂದ್ಯ ಸೋತಿತು. ಸೋತು ಸಂಪಾದಿಸಿದ 2024ರ ಮೊದಲ ಸರದಿ, ಕರಾರಿನಂತೆ, ಬೇರ್ಸ್ ಪಾಲಾಯಿತು. ಸೋಲಿನ ಕಷ್ಟವೆಲ್ಲ ಕೆರೊಲಿನಾದ್ದು, ಬಹುಮಾನ ಶಿಕಾಗೋದ್ದು.

ಇಲ್ಲಿಗೆ ನಿಲ್ಲಿಸಿದರೆ ವಾದ ಗೆದ್ದಂತೆ. ಆದರೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ತಂಡವೂ ಭೂಮಿಯ ಮೇಲಿದೆ. ಥೇಲರ್ ಹೇಳಿದ ದಾರಿಯನ್ನು ಅವರಷ್ಟು ಶ್ರದ್ಧೆಯಿಂದ ತುಳಿದವರಿಲ್ಲ. 2016ರಲ್ಲಿ ಎರಡನೆಯ ಸರದಿಯಿಂದ ಎಂಟಕ್ಕೆ ಇಳಿದರು, ಎಂಟರಿಂದ ಹದಿನೈದಕ್ಕೆ ಇಳಿದರು. ಇಳಿದಲ್ಲೆಲ್ಲ ನಾಳೆಯ ಸರದಿಗಳ ರಾಶಿ ಬೆಳೆಯಿತು. ಆ ಋತುವಿನಲ್ಲಿ ಗೆದ್ದದ್ದು ಒಂದು ಪಂದ್ಯ. 2017ರಲ್ಲಿ 12ನೆಯ ಸರದಿಯನ್ನೂ ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟರು. ಆ ಸಲ ಗೆದ್ದದ್ದು ಸೊನ್ನೆ, 16ಕ್ಕೆ 16 ಸೋಲು. ಅಭಿಮಾನಿಗಳು ಜನವರಿಯ ಕೊರೆಯುವ ಚಳಿಯಲ್ಲಿ ಸ್ಟೇಡಿಯಂ ಸುತ್ತ ಸೊನ್ನೆಯಾಕಾರದಲ್ಲಿ ಮೆರವಣಿಗೆ ಹೊರಟರು. ಸರದಿಗಳನ್ನು ಕೂಡಿಟ್ಟ ತಂಡದ ಆಡಳಿತಗಾರ ಸಾಶಿ ಬ್ರೌನ್‌ನನ್ನು ಋತು ಮುಗಿಯುವ ಮೊದಲೇ ಮನೆಗೆ ಕಳಿಸಲಾಗಿತ್ತು; ಕೂಡಿಟ್ಟದ್ದನ್ನು ಖರ್ಚು ಮಾಡುವ ಭಾಗ್ಯ ಮುಂದೆ ಬಂದವನಿಗೆ. ಮೀಟರ್ ಬಡ್ಡಿಯ ಗುಟ್ಟೂ ಇದೇ. ಬರುವ ವರ್ಷ ಕುರ್ಚಿಯಲ್ಲಿ ತಾನಿರುತ್ತೇನೋ ಇಲ್ಲವೋ ಎಂದು ನಡುಗುವ ಮ್ಯಾನೇಜರನಿಗೆ ಬರುವ ವರ್ಷದ ಸರದಿ ಯಾರದೋ ಗಂಟು.

ಇನ್ನು ಕ್ಲೀವ್‌ಲ್ಯಾಂಡಿನ ಎರಡನೆಯ ಸರದಿ ಕೊಂಡ ಈಗಲ್ಸ್ ಮೂರ್ಖರಾದರೇ? ಅವರು ಅದರಲ್ಲಿ ಕಾರ್ಸನ್ ವೆಂಟ್ಜ್‌ನನ್ನು ಆರಿಸಿ, 2018ರ ಫೆಬ್ರವರಿಯಲ್ಲಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಆ ದಿನ ವೆಂಟ್ಜ್ ಗಾಯಗೊಂಡು ಹೊರಗೆ ಕೂತಿದ್ದ, ಗೆಲ್ಲಿಸಿದವನು ಬದಲಿ ಆಟಗಾರ ನಿಕ್ ಫೋಲ್ಸ್. ಯಾವ ಕೋಷ್ಟಕದ ಯಾವ ಸಾಲಿಗೆ ಇದನ್ನು ಬರೆದುಕೊಳ್ಳುತ್ತೀರಿ?

ಹ್ಯೂಸ್ಟನ್ ಆ 12ನೆಯ ಸರದಿಯಲ್ಲಿ ಎತ್ತಿಕೊಂಡದ್ದು ಡೆಶಾನ್ ವಾಟ್ಸನ್ ಎಂಬ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕನ್ನು. ಐದು ವರ್ಷದ ನಂತರ ಅದೇ ಕ್ಲೀವ್‌ಲ್ಯಾಂಡ್ ಅದೇ ಹ್ಯೂಸ್ಟನ್ ಬಾಗಿಲಿಗೆ ಹೋಗಿ, ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನು ಸುರಿದು, ಲೈಂಗಿಕ ಕಿರುಕುಳದ ದೂರುಗಳು ಬೆನ್ನಿಗಿದ್ದ ಅದೇ ವಾಟ್ಸನ್‌ನನ್ನು ಕರೆತಂದಿತು. ಜೊತೆಗೆ 23 ಕೋಟಿ ಡಾಲರ್ ಖಾತರಿ ಸಂಬಳ. ಅಂದು ಇಳಿದು ಉಳಿಸಿದ್ದಕ್ಕೆ ಇದು ಚಕ್ರಬಡ್ಡಿ. 2025ರ ಹೊತ್ತಿಗೆ ಅದು ಗುರಿ ತಪ್ಪಿದ ಹೊಡೆತವೆಂದು ಮಾಲೀಕರೇ ಒಪ್ಪಿಕೊಂಡರು.

ಅದಾಗಿ ಕೆಲವೇ ವಾರಗಳಿಗೆ ಡ್ರಾಫ್ಟ್ ಬಂತು. ಕ್ಲೀವ್‌ಲ್ಯಾಂಡ್ ಕೈಯಲ್ಲಿ ಮತ್ತೆ ಎರಡನೆಯ ಸರದಿ. ಮತ್ತೆ ಇಳಿದರು, ಈ ಸಲ ಜ್ಯಾಕ್ಸನ್‌ವಿಲ್‌ಗೆ ಬಿಟ್ಟುಕೊಟ್ಟು ಐದಕ್ಕೆ. ಬರುವ ವರ್ಷದ ಮೊದಲ ಸುತ್ತಿನ ಸರದಿಯೊಂದು ಕೊಸರು. ಪಂಡಿತರು ತಲೆದೂಗಿದರು. ಆಮೇಲೆ ಮೂರನೆಯ ಸುತ್ತಿನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕನ್ನು ಆರಿಸಿದರು. ಐದನೆಯ ಸುತ್ತಿನಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಕಣ್ಣಿಗೆ ಬಿದ್ದ. ಅವನಿಗಾಗಿ, ಎರಡನೆಯ ಸರದಿಯನ್ನು ಬೇಡವೆಂದ ಅದೇ ಜನ, ಎರಡು ಸರದಿ ತೆತ್ತು 144ನೆಯ ಜಾಗಕ್ಕೆ ಮೇಲೇರಿದರು.